ಬಲಕ್ಕೆ ಸಿಕ್ಕಿಸಿದ ಮುಂಡು

ಹಿತ್ತಾಳೆಯ ನಾಲಿಗೆ ಇಷ್ಟುದ್ದ, ತನ್ನನ್ನೇ ಅಣಕಿಸುವ ಹಾಗೆ, ಆ ಭೂತದ ಮುಖವಾಡಕ್ಕೆ ಒತ್ತಿಕೊಂಡೇ ತಲೆ ತಗ್ಗಿಸಿ ನಿಂತ ಬಿಳಿ ಕಲ್ಲಿನ ಹುಡುಗಿ, ಇವರಿಬ್ಬರನ್ನು ಮ್ಯೂಸಿಯಂನಲ್ಲಿ ಜೋಡಿ ಮಾಡಿದ ಪುಣ್ಯಾತ್ಮನಿಗೆ ಮಗಳ ಮದುವೆಯ ಚಿಂತೆ ಇರಲಿಕ್ಕಿಲ್ಲ ಎಂದುಕೊಂಡ ಮೂಸಬ್ಬ, ಹುಡುಗಿ ಥೇಟ್ ಮಗಳು ಸೌದಾಳ ಹಾಗೆ, ಮೊನ್ನೆ ರವೂಫನಿಗೆ ಹೆಣ್ಣು ಕೇಳಲು ಅವನ ಸೋದರಮಾವ ಯಾಹ್ಯಾ ಕೂಳೂರಿನಿಂದ ಬಂದಾಗ ಸೌದಾ ಬಾಗಿಲ ಸಂದಿಯಲ್ಲಿ ಹೀಗೇ ನಿಂತಿದ್ದಳು, ಹೆಂಡತಿ ಅಲೀಮಮ್ಮ ಚಹಾ ಸೋಸುತ್ತಾ ಇವತ್ತೊಂದು ದಿನ ಸುಮ್ಮನಿರಿ ಅಂದಿದ್ದಳು, ಸುಮ್ಮನಿರಬಹುದಿತ್ತು — ಆದರೆ ಮನೆತನ ಎಂಥದ್ದು ಎಂದು ಕೇಳಿದ ಮೇಲೆ ಒಣಮೀನಿನ ಅಂಗಡಿ ಎಂದಷ್ಟೇ ಹೇಳಿ ಬಾಯಿ ಮುಚ್ಚಲು ಆಗುತ್ತದೆಯೆ, ಅಜ್ಜ ಹಡಗಿನ ಯಜಮಾನ, ಹಾಯಿ ಹರಿದಾಗ ತಿಮಿಂಗಿಲಕ್ಕೆ ಹಗ್ಗ ಕಟ್ಟಿ ಮಸ್ಕತ್ತಿನಿಂದ ಎಳೆಸಿಕೊಂಡು ಬಂದವರು, ದೊರೆಗಳು ಮೆಚ್ಚಿ ಬರೆಸಿದ ಅವರ ಚಿತ್ರ ಗುಡ್ಡದ ಮೇಲಿನ ಮ್ಯೂಸಿಯಂನಲ್ಲಿ ಉಂಟು — ತಿಮಿಂಗಿಲವನ್ನು ಯಾಹ್ಯಾ ತಲೆಯಾಡಿಸಿ ಒಪ್ಪಿದ, ಚಿತ್ರವನ್ನು ಒಪ್ಪಲಿಲ್ಲ, ಒಮ್ಮೆ ನೋಡುವ ಮೂಸಾಕ, ಚಿತ್ರ ಇದ್ರೆ ಸಂಬಂಧ ಮಾತಾಡುವ, ಇಲ್ಲದಿದ್ರೆ ಮಾತಾಡ್ಲಿಕ್ಕೆ ಎಂತ ಉಂಟು.

ಚಿತ್ರ ಉಂಟು, ಪಕ್ಕದ ಗದ್ದೆಯ ಪೂವಪ್ಪ ಕಣ್ಣಾರೆ ನೋಡಿ ಬಂದು ಹೇಳಿದ್ದು, ಗಡ್ಡ, ಮುಂಡಾಸು, ಕೈಯಲ್ಲಿ ಕತ್ತಿ, ನಿಮ್ಮದೇ ಮೂಗು ಮಾರಾಯ್ರೆ — ಅಗೋ, ಆಚೆ ಗೋಡೆಯಲ್ಲಿ, ಮೂಗು ಹೌದು, ಗಡ್ಡವೂ ಹೌದು, ಇದೇ ನೋಡಿ ಅಜ್ಜ ಎಂದು ಜೊತೆಗೆ ಬಂದ ಯಾಹ್ಯಾನಿಗೆ ಹೇಳಿಯೂ ಆಯಿತು, ಆಮೇಲೆ ಕಣ್ಣು ಕೆಳಗಿಳಿಯಿತು, ಇಳಿಯಬಾರದಿತ್ತು, ಬಲಗೈಯಲ್ಲಿ ತಲೆ ಕಡಿಯುವ ಕತ್ತಿ, ಎಡಗೈಯಲ್ಲಿ ಮಲ್ಲಿಗೆ ಮೊಗ್ಗು, ಮುಖದಲ್ಲಿ ಸಿಡುಕು, ಕಾಲ್ಬೆರಳು ಮಾತ್ರ ನೀರಿಗಿಳಿಯಲು ಹೆದರಿದವನ ಹಾಗೆ ಮಡಚಿಕೊಂಡಿವೆ, ಮೇಲೆ ಒಬ್ಬ, ಕೆಳಗೆ ಇನ್ನೊಬ್ಬ, ಇರಲಿ, ತಿಮಿಂಗಿಲಕ್ಕೆ ಮಲ್ಲಿಗೆ ಇಷ್ಟ ಎನ್ನಬಹುದು, ಆದರೆ ಆ ಮುಂಡು, ಉಟ್ಟ ಪಂಚೆ — ಮುಂಡಿನ ತುದಿ ಸೊಂಟದ ಬಲಕ್ಕೆ ಸಿಕ್ಕಿಸಿದೆ, ಬಲಕ್ಕೆ, ಬ್ಯಾರಿ ಮುಸಲ್ಮಾನರು ನಾವೆಲ್ಲ ಎಡಕ್ಕೆ ಸಿಕ್ಕಿಸುವವರು, ಬಲಕ್ಕೆ ಸಿಕ್ಕಿಸುವವನು ಪೂವಪ್ಪ, ಅವನ ಅಪ್ಪ, ಅವನ ಅಜ್ಜ, ಅದಕ್ಕೇ ಅವನ ಕಣ್ಣಿಗೆ ಅದು ಬೀಳಲೇ ಇಲ್ಲ, ಗಡ್ಡ ನಮ್ಮದು, ಸೊಂಟ ಅವರದು, ಮೂಸಬ್ಬನ ಕೈ ತನ್ನ ಎಡ ಸೊಂಟಕ್ಕೆ ಹೋಯಿತು, ಯಾಹ್ಯಾ ಮೂಗು ತಾಗುವಷ್ಟು ಹತ್ತಿರ ಹೋದ, ಗಡ್ಡದಿಂದ ಕತ್ತಿಗೆ ಬಂದ, ಇನ್ನೊಂದು ಗೇಣು ಕೆಳಗೆ ಬಂದರೆ ಸೌದಾ ಮನೆಯಲ್ಲೇ ಉಳಿದಳು — ಕನ್ನಡಿಯಲ್ಲಿ ನೋಡಿ ಬರೆದದ್ದು ಎನ್ನಲೇ, ಆಗ ಕತ್ತಿಯೂ ಎಡಗೈಗೆ ಹೋಗುತ್ತದೆ, ಎಡಚ ಅಜ್ಜ, ಅಲೀಮಮ್ಮ ಹೇಳಿದ್ದಳು, ಸುಮ್ಮನಿರಿ — ಯಾಹ್ಯಾ ನೆಟ್ಟಗಾಗಿ ಕಣ್ಣುಜ್ಜಿದ, ಗಡ್ಡ ಸರಿ ಕಾಣ್ತದೆ ಮೂಸಾಕ, ಕೆಳಗೆ ಎಲ್ಲ ಹೊಗೆ, ನನಗೆ ಕಣ್ಣಿಗೆ ಪೊರೆ ಬಂದಿದೆ. ಇಷ್ಟು ಒಳ್ಳೆಯ ಪೊರೆಯನ್ನು ಮೂಸಬ್ಬ ಈವರೆಗೆ ಕಂಡಿರಲಿಲ್ಲ, ಎದೆ ಹಗುರಾಗಿ ಮಲ್ಲಿಗೆಯ ಪರಿಮಳ ಸಹ ಬಂದ ಹಾಗಾಯಿತು, ನನಗೆ ಒಪ್ಪಿಗೆಯೇ ಎಂದ ಯಾಹ್ಯಾ, ಆದ್ರೆ ಹುಡುಗನ ತಾಯಿ ಅಲ್ವಾ, ಅಕ್ಕನನ್ನೂ ನಾಡಿದ್ದು ಕರ್ಕೊಂಡು ಬರ್ತೇನೆ, ಅವಳ ಕಣ್ಣು ಬಾರೀ ಚುರುಕು — ಅಕ್ಕ, ಬೀಫಾತಿಮ್ಮ, ಗಂಡನದ್ದು, ಮಕ್ಕಳದ್ದು, ಮೈದುನಂದಿರದ್ದು, ಮನೆಯ ಗಂಡಸರ ಮುಂಡುಗಳನ್ನೆಲ್ಲ ಒಗೆದು ಮಡಚುವ ಬೀಫಾತಿಮ್ಮ, ನಾಡಿದ್ದು, ಯಾಹ್ಯಾ ಬಾಗಿಲಿನತ್ತ ಹೊರಟ, ಕಲ್ಲಿನ ಹುಡುಗಿ ತಲೆ ಎತ್ತಿಲ್ಲ, ಭೂತ ನಾಲಿಗೆ ಒಳಗೆಳೆದುಕೊಂಡಿಲ್ಲ, ಮುಂಡಿನ ತುದಿ, ಅಲ್ಲೇ, ಬಲಕ್ಕೆ, ಬಲಕ್ಕೆ —