ನಾಲ್ಕು ನಿಮಿಷದ ತಿರುವು

ಡಿಪೋದಲ್ಲಿ ಡ್ಯೂಟಿ ಆರಿಸಿಕೊಳ್ಳುವ ದಿನ ಸರ್ವೀಸು ಹೆಚ್ಚಾದವರದೇ ಮೊದಲ ಪಾಳಿ. ಇಪ್ಪತ್ತೇಳು ವರ್ಷ ಬಸ್ಸು ಓಡಿಸಿದ್ದ ಬರ್ನಡೀನ್ ಕೋಸ್ಟ್ಕಾ ಮೂರನೆಯವಳು. ಯಾವ ರೂಟು ಬೇಕಾದರೂ ಎತ್ತಿಕೊಳ್ಳಬಹುದಿತ್ತು. ಅವಳು ಸತ್ತುಹೋಗಿದ್ದ ಎಲ್ಬರ್ಟ್ ಪ್ರೂಯಿಟ್ ಓಡಿಸುತ್ತಿದ್ದ ಇಪ್ಪತ್ತೆರಡನೇ ನಂಬರಿಗೆ ರುಜು ಹಾಕಿದಳು. ಸದ್ಯ, ಅದು ತಮ್ಮ ಪಾಲಿಗೆ ಬರಲಿಲ್ಲ ಎಂದು ಹಿಂದೆ ನಿಂತವರ ಉಸಿರು ಹಗುರಾದದ್ದು ಅವಳಿಗೆ ಕೇಳಿಸಿತು.

ಆ ಬಸ್ಸು ಪೇಟೆಯಿಂದ ಹೊರಟು ಸರೋವರದ ದಡದಲ್ಲಿ, ಮುಚ್ಚಿಹೋದ ಉಕ್ಕಿನ ಕಾರ್ಖಾನೆಯ ಗೇಟಿನೆದುರು ತಿರುಗುತ್ತಿತ್ತು. ಹೋದ ಫೆಬ್ರವರಿಯಲ್ಲಿ ಎಲ್ಬರ್ಟ್ ಅಲ್ಲಿ ಬಸ್ಸು ನಿಲ್ಲಿಸಿ, ಕೊನೆಯ ಪ್ರಯಾಣಿಕನನ್ನು ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದು, ಸ್ಟಿಯರಿಂಗಿನ ಮೇಲೆ ತಲೆಯಿಟ್ಟವನು ಮತ್ತೆ ಏಳಲಿಲ್ಲ. ಸಕ್ಕರೆ ಕಾಯಿಲೆಯವನು, ಹೊತ್ತಿಗೆ ಸರಿಯಾಗಿ ತಿನ್ನಬೇಕಿತ್ತು. ಡಬ್ಬಿಯಲ್ಲಿ ಊಟ ಹಾಗೇ ಇತ್ತು. ಮೊದಲು ಆ ತಿರುವಿನಲ್ಲಿ ಹತ್ತು ನಿಮಿಷ ಬಿಡುವಿತ್ತು. ಆಡಳಿತದೊಡನೆ ಆದ ಹಿಂದಿನ ಒಪ್ಪಂದದಲ್ಲಿ, ಸಂಬಳದ ಹೆಚ್ಚಳಕ್ಕೆ ಬದಲಾಗಿ, ಅದು ನಾಲ್ಕಾಯಿತು. ಯೂನಿಯನ್ ಕಡೆಯಿಂದ ಅದಕ್ಕೆ ರುಜು ಹಾಕಿದವರಲ್ಲಿ ಬರ್ನಡೀನಳೂ ಒಬ್ಬಳು. "ನಿಮಿಷಾನ ಮನೆಗೆ ಒಯ್ಯೋಕಾಗಲ್ಲ, ಸಂಬಳ ಒಯ್ಯಬಹುದು" ಎಂದು ಉಳಿದವರನ್ನು ಒಪ್ಪಿಸಿದ್ದೂ ಅವಳೇ.

ಹೊಸ ಡ್ಯೂಟಿಯ ಮೂರನೇ ವಾರ ಅವಳು ತಿರುವಿನಲ್ಲಿ ಬಸ್ಸಿಗೆ ಬೀಗ ಹಾಕಿ, ರಸ್ತೆಯಾಚೆಯ ಪೆಟ್ರೋಲ್ ಬಂಕಿನ ಶೌಚಾಲಯಕ್ಕೆ ಓಡಿಹೋಗಿ ಬಂದಳು. ಡ್ರೈವರ್ ಸೀಟು ಹಿಂದಕ್ಕೆ ಸರಿದು ಕೆಳಕ್ಕಿಳಿದಿತ್ತು. ಕೂತರೆ ಕಾಲು ಪೆಡಲಿಗೆ ಎಟಕಲಿಲ್ಲ. ಕನ್ನಡಿಯಲ್ಲಿ ಬರೀ ಬಸ್ಸಿನ ಛಾವಣಿ ಕಂಡಿತು. ಅವಳು ಐದಡಿಯ ಹೆಂಗಸು. ಎಲ್ಬರ್ಟ್ ಬಾಗಿಲಲ್ಲಿ ತಲೆ ಬಗ್ಗಿಸಿ ಬರುತ್ತಿದ್ದ ಆಳು. ಸೀಟಿನ ಗಾಳಿ ಸೋರಿರಬೇಕೆಂದು ಮೆಕ್ಯಾನಿಕ್‌ಗೆ ತೋರಿಸಿದಳು. ಎಲ್ಲ ಸರಿಯಿದೆ ಎಂದ. ಮರುವಾರ ಎರಡು ಸಲ ಹಾಗೇ ಆಯಿತು. ಅವಳು ಯಾರಿಗೂ ಹೇಳಲಿಲ್ಲ. "ಸ್ವಲ್ಪ ಜಾಗ ಬಿಡೋ ಎಲ್ಬರ್ಟ್" ಎಂದು ಮೆಲ್ಲಗೆ ಹೇಳಿ ಸೀಟನ್ನು ಮುಂದಕ್ಕೆ ಎಳೆದುಕೊಳ್ಳುತ್ತಿದ್ದಳು.

ನವೆಂಬರಿನಲ್ಲಿ ಹೊಸ ಒಪ್ಪಂದದ ಮಾತುಕತೆ ಶುರುವಾಯಿತು. ಆಡಳಿತದ ವಕೀಲ ಸಂಬಳದಲ್ಲಿ ಒಳ್ಳೇ ಹೆಚ್ಚಳ ಮುಂದಿಟ್ಟು, ಬಿಡುವಿನ ಮಾತು ಮಾತ್ರ ಎತ್ತಬೇಡಿ ಎಂದ. ಯೂನಿಯನ್ ಅಧ್ಯಕ್ಷ ರೇ ಟಾಮ್‌ಚಾಕ್ ಅವಳನ್ನು ಹೊರಗೆ ಕರೆದ.

"ನೋಡು ಬರ್ನಿ, ಇಷ್ಟು ಹೆಚ್ಚಳ ನಾನು ಜನ್ಮದಲ್ಲಿ ನೋಡಿಲ್ಲ. ಹೂಂ ಅಂದುಬಿಡೋಣ."

"ಬಿಡುವು ವಾಪಸ್ ಬರದೆ ನಾನು ರುಜು ಹಾಕಲ್ಲ."

"ನಿಮಿಷಾನ ಮನೆಗೆ ಒಯ್ಯೋಕಾಗಲ್ಲ ಅಂದೋಳು ನೀನೇ ಅಲ್ವೇನೇ?"

"ಅಂದಿದ್ದೆ ಕಣೋ. ಆ ಮಾತೇ ಈಗ ನನ್ನ ತಿಂತಾ ಇರೋದು."

ರೇ ಬಾಗಿಲು ತಳ್ಳಿ ಒಳಗೆ ನಡೆದ.

ಒಳಗೆ ಆಡಳಿತದವರ ಸಾಲಿನ ತುದಿಯಲ್ಲಿ ಲಿಯೋ ಕಾಲಸ್ ಕೂತಿದ್ದ. ಬಸ್ಸುಗಳ ವೇಳಾಪಟ್ಟಿ ಬರೆಯುವವನು. ಕಾಗದ ಬಿಟ್ಟು ಕಣ್ಣೆತ್ತದ ಬಡಕಲು ಮನುಷ್ಯ. ನಾಲ್ಕು ನಿಮಿಷ ಸಾಕೆಂದು ಲೆಕ್ಕ ಹೇಳುತ್ತದೆ ಎಂದು ಓದಿದ.

"ಕಾಲಸ್ ಅವರೇ, ನಾಳೆ ನನ್ನ ಬಸ್ಸಿಗೆ ಬನ್ನಿ" ಎಂದಳು ಬರ್ನಡೀನ್. "ವಾಚು ಕಟ್ಕೊಂಡು ಬನ್ನಿ."

ವಕೀಲ ನಕ್ಕ. ಆದರೆ ಮರುದಿನ ಮಧ್ಯಾಹ್ನ ಕಾಲಸ್ ಬಂದ.

ಸರೋವರದ ಕಡೆಯಿಂದ ಹಿಮಗಾಳಿ ಬೀಸುತ್ತಿತ್ತು. ಗಾಲಿಕುರ್ಚಿಯ ಮುದುಕರೊಬ್ಬರನ್ನು ಹತ್ತಿಸಿ ಇಳಿಸುವುದರಲ್ಲಿ ಹೊತ್ತು ಸರಿದು, ಬಸ್ಸು ತಿರುವು ತಲುಪಿದಾಗ ನಾಲ್ಕರಲ್ಲಿ ಉಳಿದಿದ್ದು ಒಂದೂವರೆ ನಿಮಿಷ.

"ಈಗೇನು ಮಾಡ್ತೀರಿ?" ಎಂದು ಕಾಲಸ್ ಕೇಳಿದ.

"ಊಟ ಮಾಡಬೇಕು, ಶೌಚಕ್ಕೆ ಹೋಗಬೇಕು, ಬೆನ್ನು ನೆಟ್ಟಗೆ ಮಾಡ್ಕೋಬೇಕು. ಇವತ್ತು ಯಾವುದು ಬಿಡ್ಲಿ? ನೀವೇ ಹೇಳಿ."

ಅವನು ವಾಚು ನೋಡಿಕೊಂಡ. ಅವಳು ಬೀಗ ಹಾಕಿದಳು. ಇಬ್ಬರೂ ಬಂಕಿಗೆ ಹೋಗಿ ಬರುವಷ್ಟರಲ್ಲಿ ಏಳು ನಿಮಿಷವಾಗಿತ್ತು.

ಬಾಗಿಲು ತೆರೆದಳು. ಸೀಟು ಪೂರ್ತಿ ಹಿಂದಕ್ಕೆ ಸರಿದಿತ್ತು. ಕಾಲಸ್ ಅದನ್ನು ನೋಡಿದ, ಅವಳ ಗಿಡ್ಡ ಕಾಲುಗಳನ್ನು ನೋಡಿದ, ಅವಳ ಕೈಯಲ್ಲಿದ್ದ ಬೀಗದಕೈ ನೋಡಿದ.

"ಇಲ್ಲಿ ಯಾರು ಕೂತಿದ್ದರು?"

"ಎಲ್ಬರ್ಟ್ ಪ್ರೂಯಿಟ್."

ಕಾಲಸ್ ಕಂಬ ಹಿಡಿದು ನಿಂತ. ಹೊರಗೆ ಜನ ಬಾಗಿಲು ತಟ್ಟುತ್ತಿದ್ದರು. ಅವನು ಅತ್ತ ನೋಡದೆ ಹೇಳಿದ. "ನಾನು ಮೊದಲು ಬರೆದದ್ದು ಹತ್ತೇ. ಮೇಲಿನೋರು ಹೊಡೆದುಹಾಕಿ ನಾಲ್ಕು ಮಾಡು ಅಂದರು. ಮಾಡಿಕೊಟ್ಟೆ."

"ನಾನು ರುಜು ಹಾಕಿದೆ" ಎಂದಳು ಬರ್ನಡೀನ್.

ಮುಂದಿನ ಸಭೆಯಲ್ಲಿ ಕಾಲಸ್ ತನ್ನ ಹಳೆಯ ಕಾಗದವನ್ನು, ಅದರ ಮೇಲಿನ ಕೆಂಪು ಗೀಟಿನ ಸಮೇತ, ಮೇಜಿನ ಮೇಲಿಟ್ಟ. ಆ ವಾರವೇ ಅವನನ್ನು ಬೇರೆ ಕಚೇರಿಗೆ ಎತ್ತಿಹಾಕಿದರು. ಆದರೆ ಕಾಗದವನ್ನು ಎಲ್ಲರೂ ನೋಡಿಯಾಗಿತ್ತು. ಯೂನಿಯನ್ ಮುಷ್ಕರಕ್ಕೆ ಮತ ಹಾಕಿತು. ಮುಷ್ಕರದ ಹಿಂದಿನ ದಿನ ಆಡಳಿತ ಬಾಗಿತು: ಬಸ್ಸು ತಡವಾದರೂ ಕಡಿತವಾಗದ ಎಂಟು ನಿಮಿಷ ಬಿಡುವು, ಮೊದಲು ಹೇಳಿದ್ದರ ಅರ್ಧದಷ್ಟೇ ಸಂಬಳ ಹೆಚ್ಚಳ.

ಒಪ್ಪಂದಕ್ಕೆ ಮತ ಹಾಕುವ ದಿನ ಸಭಾಂಗಣದಲ್ಲಿ ಒಬ್ಬ, "ಸತ್ತವನ ಹೆಸರು ಹೇಳಿ ಬದುಕಿರೋರ ಹೊಟ್ಟೆ ಮೇಲೆ ಹೊಡೆದಳು" ಎಂದ. ಬರ್ನಡೀನ್ ಎದ್ದು ನಿಂತು, ಹಿಂದಿನ ಸಲ ಆರು ನಿಮಿಷ ಬಿಟ್ಟುಕೊಡೋಣ ಎಂದವಳು ತಾನೇ ಎಂದು ಹೇಳಿ ಕೂತಳು. ಕೆಲವರು ಅವಳ ಪಕ್ಕದಿಂದ ಎದ್ದುಹೋದರು. ಮೂವತ್ತೊಂದು ಮತಗಳ ಅಂತರದಲ್ಲಿ ಒಪ್ಪಂದ ಗೆದ್ದಿತು.

ಹೊಸ ವೇಳಾಪಟ್ಟಿ ಬಂದ ಮೇಲೂ ಸೀಟು ಹಿಂದಕ್ಕೆ ಸರಿಯುವುದು ನಿಲ್ಲಲಿಲ್ಲ. ನಿಲ್ಲುತ್ತದೆಂದು ಅವಳು ನಂಬಿದ್ದಳು. ಆಗ ಅವಳಿಗೆ ಉಳಿದ ಕೆಲಸ ಯಾವುದೆಂದು ತಿಳಿಯಿತು.

ಭಾನುವಾರ ಚರ್ಚ್ ಬಿಟ್ಟ ಮೇಲೆ ಎಲ್ಬರ್ಟ್‌ನ ಹೆಂಡತಿ ಅರ್ಲೀನಳ ಮನೆಗೆ ಹೋದಳು. ಬಾಗಿಲಲ್ಲೇ ನಿಂತು ಹೇಳಿದಳು. "ಹಿಂದಿನ ಒಪ್ಪಂದಕ್ಕೆ ಎಲ್ಲರನ್ನೂ ಒಪ್ಪಿಸಿದ್ದು ನಾನು, ಅರ್ಲೀನ್."

"ಗೊತ್ತು. ಒಳಗೆ ಬಾ, ಚಳಿ."

ಅಡುಗೆಮನೆಯಲ್ಲಿ ಅರ್ಲೀನ್ ಬೆನ್ನು ತಿರುಗಿಸಿಕೊಂಡೇ ಮಾತಾಡಿದಳು. "ಅವನೂ ಅದಕ್ಕೆ ಒಪ್ಪಿ ಕೈ ಎತ್ತಿದ್ದ. ಮನೆಗೆ ಬಂದು, ಇನ್ಮೇಲೆ ಗಬಗಬ ತಿನ್ನೋದು ಕಲೀಬೇಕು ಕಣೇ ಅಂದ. ನಾನೂ ನಕ್ಕೆ."

ಬರ್ನಡೀನ್ ಬೈಗುಳಕ್ಕೆ ಸಿದ್ಧಳಾಗಿ ಬಂದಿದ್ದಳು. ಬೈದಿದ್ದರೆ ಎಷ್ಟೋ ಸುಖವಿತ್ತು.

"ನಿಂಗೆ ನಿದ್ದೆ ಬರುತ್ತಾ?" ಎಂದು ಅರ್ಲೀನ್ ಕೇಳಿದಳು.

"ಇಲ್ಲ."

"ನಂಗೂ ಇಲ್ಲ."

ಅರ್ಲೀನ್ ಸಿಹಿಗೆಣಸಿನ ಪೈ ಕೊಯ್ದು ಎರಡು ತಟ್ಟೆಗೆ ಹಾಕಿ, ಒಂದನ್ನು ಅವಳ ಮುಂದೆ ಸರಿಸಿದಳು. "ತಿನ್ನು" ಎಂದಳು. ಬರ್ನಡೀನ್ ಗಡಿಯಾರ ನೋಡದೆ ಮೊದಲ ತುತ್ತನ್ನು ನಿಧಾನವಾಗಿ ಅಗಿದಳು.