ಎಡಕ್ಕೆ ತಿರುಗಿದ ಸುಳಿ

ಪ್ರೆಸ್ಸಿನ ಅಪ್ಪಣ್ಣ ಬೋರ್ಡಿನ ಫೋಟೋವನ್ನು ಬಿಸಿಲಿಗೆ ಓರೆ ಹಿಡಿದು, ಕನ್ನಡಕ ಹಣೆಗೇರಿಸಿ ಇನ್ನೊಮ್ಮೆ ನೋಡಿದರು. ಅತ್ತ ಅಂಗಳದ ಮೂಲೆಯಲ್ಲಿ ಸೊಣ್ಣಪ್ಪನ ಹೆಣಕ್ಕೆ ಹಾಕಲು ನೀರು ಕಾಯುತ್ತಿತ್ತು.

"ನಮ್ಮ ಪ್ರೆಸ್ಸಲ್ಲಿರೋ ಹೂವಿನಕ್ಷರ ಅಲ್ಲಪ್ಪ ಇದು," ಅಂದರು. "ಮದ್ರಾಸಿಂದ ಬರೋ ಅಚ್ಚಕ್ಷರದ ಮಾದರಿ ಪುಸ್ತಕಾನೂ ತಿರುವಿ ಹಾಕ್ದೆ. ಅದ್ರಲ್ಲೂ ಇಲ್ಲ."

ರಾಮಾಂಜಿನಪ್ಪನ ಮುಂದೆ ಒಂದು ಕಲ್ಲು, ಪಕ್ಕದಲ್ಲಿ ಬಿಳಿ ಬಣ್ಣದ ಡಬ್ಬಿ. ಸೊಣ್ಣಪ್ಪ ಹೊಸೂರಿನ ಅಂಗಡಿಗಳಿಗೆಲ್ಲ ಬೋರ್ಡು ಬರೆಯುವಾಗ ಏಣಿ ಹಿಡಿದು, ಆಮೇಲೆ ಜೊತೆಗೆ ನಿಂತು ಬರೆದವನು ಇವನು; ಒಡಹುಟ್ಟಿದವನಲ್ಲದಿದ್ದರೂ ಅಣ್ಣ ಎಂದೇ ಕರೆಯುತ್ತಿದ್ದ. ಗುಂಡಿಯ ತಲೆಗಡೆ ನಿಲ್ಲಿಸುವ ಕಲ್ಲಿನ ಮೇಲೆ ಅಣ್ಣನ ಹೆಸರು ಅಣ್ಣನ ಅಕ್ಷರದಲ್ಲೇ ಇರಬೇಕು ಎಂದು ಇವನ ಹಟ. ಹಟವೆಂದರೆ ಹಟ. ಕೈಯಲ್ಲಿದ್ದದ್ದು ಒಂದು ಟೈಲರ್ ಅಂಗಡಿ ಶುರುವಾದ ದಿನ ತೆಗೆಸಿದ ಫೋಟೋ. ಬೋರ್ಡಿನ ಅಕ್ಷರ ಒಂದೊಂದಕ್ಕೂ ತುದಿಯಲ್ಲಿ ಸುಳಿ, ಸುಳಿಯೊಳಗೊಂದು ಮೊಗ್ಗು. ಅದನ್ನು ಮಾತ್ರ ಸೊಣ್ಣಪ್ಪ ಕೊನೆಗೆ ತಾನೊಬ್ಬನೇ ಹಾಕುತ್ತಿದ್ದ. ಬೆಳಗಿನಿಂದ ಬರೆದು ಒರೆಸಿ ಬರೆದು ಒರೆಸಿ ಕಲ್ಲೇ ಬೆಳ್ಳಗಾಗಿತ್ತು.

"ನೋಡ್ಕೊಂಡು ಬರೆದ್ರೂ ಸುಳಿ ತಿರುಗಲ್ಲ ಸಾರ್. ಇದರ ಮೂಲ ಎಲ್ಲೈತೆ ಅಂತ ಗೊತ್ತಾದ್ರೆ ಎಲ್ಲಿಂದ ಶುರು ಮಾಡ್ಬೇಕು ಅಂತ ತಿಳೀತದೆ. ತಮಿಳಲ್ಲಿ ಬರೆದ್ರೂ, ತೆಲುಗಲ್ಲಿ ಬರೆದ್ರೂ ಇದೇ ಸುಳಿ ಹಾಕೋರು."

"ಅವನನ್ನೇ ಕೇಳಿರಲಿಲ್ವೇನಯ್ಯ?"

"ಕೇಳಿದ್ದೆ. 'ಮನೇಲಿ ಕಲ್ತೆ ಕಣ್ಲಾ' ಅಂತ ನಗೋರು. ಅವರಪ್ಪ ಕುರಿ ಕಾಯ್ತಿದ್ದೋರು. ಮನೇಲಿ ಯಾರು ಕಲಿಸ್ತಾರೆ?"

ಹೊಸ್ತಿಲ ಒಳಗೆ ಗೋಡೆಗೊರಗಿ ಕೂತಿದ್ದ ಮುನಿಗಂಗಮ್ಮನಿಗೆ ಇದೆಲ್ಲ ಕೇಳಿಸುತ್ತಿತ್ತು. ಗಂಡ ಹೋದಾಗಿನಿಂದ ಅವಳು ಅತ್ತಿರಲಿಲ್ಲ. ಪಕ್ಕದ ಮನೆಯ ರಾಧಮ್ಮನಿಗೆ ಅದೇ ದಿಗಿಲು.

"ಅತ್ತುಬುಡೇ ತಾಯಿ, ಎದೆ ಹಗುರಾಗ್ತದೆ."

"ಊರೋರ ಹೆಸ್ರೆಲ್ಲ ಬರೆದ್ರು ರಾಧಮ್ಮ," ಅಂದಳು ಮುನಿಗಂಗಮ್ಮ. "ನನ್ನೆಸ್ರು ಒಂದ್ ಕಿತಾನೂ ಬರೀಲಿಲ್ಲ."

ವರ್ಷಗಟ್ಟಲೆ ನುಂಗಿಕೊಂಡಿದ್ದ ಕೋಪ ಇವತ್ತು ಅಡ್ಡ ಕೂತಿತ್ತು. ಅಳು ಅದನ್ನು ದಾಟಿ ಬರುತ್ತಿರಲಿಲ್ಲ.

*

ಎಪ್ಪತ್ತೆರಡನೇ ಇಸವಿ, ಉದ್ದನಪಲ್ಲಿಯಿಂದ ಮದುವೆಯಾಗಿ ಬಂದ ಹೊಸತು. ಅವಳದು ಎಡಗೈ. ಎಡಗೈಯಲ್ಲಿ ರಂಗೋಲೆ ಎಳೆಯುವುದನ್ನು ಅತ್ತೆ ನೋಡಿಬಿಟ್ಟರು. "ಎಡಗೈ ರಂಗೋಲೆ ತುಳ್ಕೊಂಡು ಲಕ್ಷ್ಮಿ ಒಳೀಕ್ ಬತ್ತಾಳೇನೇ?" ಬಲಗೈಯಲ್ಲಿ ಎಳೆದರೆ ಗೆರೆ ನಡುಗುತ್ತಿತ್ತು. ಅವಳೇನು ಕಡಿಮೆಯೇ, ಮಾರನೆಯ ದಿನದಿಂದ ಅತ್ತೆ ಏಳುವುದರೊಳಗೆ ಬಾಗಿಲಿಗೆ ನೀರು ಹಾಕಿ ಎಡಗೈಯಲ್ಲೇ ಬಳ್ಳಿ ಎಳೆದು ಮುಗಿಸಿರುತ್ತಿದ್ದಳು. ಸೊಣ್ಣಪ್ಪ ಮಾತ್ರ ಟೀ ಲೋಟ ಹಿಡಿದು ಹೊಸ್ತಿಲ ಮೇಲೆ ಕೂತಿರುತ್ತಿದ್ದ.

"ಅಂಗ್ಯಾಕ್ ನೋಡ್ತೀರಾ?"

"ಟೀ ಆರ್ಲಿ ಅಂತ."

ಆಮೇಲೆ ಬಣ್ಣದ ಡಬ್ಬಿಗಳು ತೂಗಾಡುವ ಸೈಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ, ರಂಗೋಲೆ ದಾಟಿಸಿ, ಆಚೆ ಇಳಿಸಿ ಹತ್ತುತ್ತಿದ್ದ. ಒಂದು ದಿನವೂ ಚಕ್ರ ತಾಗಿಸಿದವನಲ್ಲ.

ಒಮ್ಮೆ ಅವಳು ಆಸೆಪಟ್ಟು ಕೇಳಿದಳು. "ನಮ್ ಬಾಗ್ಲ ಮ್ಯಾಲೆ ನನ್ನೆಸ್ರು ಬರೀರಿ."

"ನಿಂಗೆ ಓದಾಕೇ ಬರಲ್ವಲ್ಲೇ. ಬರ್ದು ಏನ್ ಮಾಡ್ಲಿ?" ಎಂದು ನಕ್ಕುಬಿಟ್ಟ.

ತಮಾಷೆಗೇ ಅಂದಿರಬೇಕು. ಆದರೆ ಅವತ್ತಿನಿಂದ ಅವಳು ಪೇಟೆಗೆ ಹೋದರೂ ಬೋರ್ಡುಗಳ ಕಡೆ ಕತ್ತೆತ್ತಿ ನೋಡಲಿಲ್ಲ.

*

ಹೆಣಕ್ಕೆ ನೀರು ಹಾಕಿ ಆಯಿತು. ನೀರು ಹರಿದು ಬಾಗಿಲ ಮುಂದಿನ ಮಣ್ಣು ನೆನೆದಿತ್ತು. ಸಾವಿನ ಮನೆ, ಅಲ್ಲಿ ರಂಗೋಲೆ ಇರಲಿಲ್ಲ. ಬೆಂಕಿ ಹಾಕಿದ ಕೊರಡೊಂದು ಹೊಗೆಯಾಡುತ್ತಿತ್ತು.

ರಾಮಾಂಜಿನಪ್ಪ ಬಂದು ಫೋಟೋ ಚಾಚಿದ. "ಅತ್ತಿಗೆ, ಈ ಥರ ಅಕ್ಷರ ಇರೋ ಹಳೇ ಪುಸ್ತಕಾನೋ ಕ್ಯಾಲೆಂಡರೋ ಅಣ್ಣ ಇಟ್ಟಿದ್ರಾ? ಇನ್ನೇನು ಎತ್ತೋ ಹೊತ್ತಾಯ್ತು."

"ನಂಗೇನ್ ಓದಾಕ್ ಬತ್ತದಾ?"

"ಓದ್ಬ್ಯಾಡಿ. ಸುಮ್ನೆ ನೋಡಿ."

ಅವಳು ನೋಡಿದಳು. ಅವಳಿಗೆ ಅಕ್ಷರ ಕಾಣಲಿಲ್ಲ, ಗೆರೆ ಕಂಡಿತು. ಎಡಗೈಯ ಬೆರಳು ತಾನಾಗಿಯೇ ಫೋಟೋದ ಮೇಲೆ ಹರಿದು, ಸುತ್ತಿ, ಮೊಗ್ಗಿನಲ್ಲಿ ನಿಂತಿತು.

"ಇದು ನನ್ನ ಬಳ್ಳಿ," ಅಂದಳು.

ಎದ್ದು ಹೊಸ್ತಿಲು ದಾಟಿ ಒದ್ದೆ ಮಣ್ಣಿನ ಮುಂದೆ ಕುಕ್ಕರಿಸಿದಳು. ರಾಧಮ್ಮ ಓಡಿಬಂದು ರಟ್ಟೆ ಹಿಡಿದರು. "ಬ್ಯಾಡ ಕಣೇ, ಹೆಣ ಇರುವಾಗ ಬಾಗ್ಲಲ್ಲಿ ಎಳೀಬಾರ್ದು."

"ನಾನ್ ಎಳೀದಿದ್ರೆ ಅವನೆಂಗ್ ಬರೀತಾನೆ?"

ಬೆರಳು ಒದ್ದೆ ಮಣ್ಣಿನ ಮೇಲೆ ಬಲದಿಂದ ಹೊರಟು ಎಡಕ್ಕೆ ತಿರುಗಿತು. ರಾಮಾಂಜಿನಪ್ಪ ಬಗ್ಗಿ ನೋಡಿದ. "ನಾನು ಆ ತುದಿಯಿಂದ ಶುರು ಮಾಡ್ತಿದ್ದೆ," ಎಂದು ಕಲ್ಲಿನ ಕಡೆ ಹೋದ. ಈ ಸಲ ಒರೆಸಬೇಕಾಗಲಿಲ್ಲ.

"ರಾಮಾಂಜಿನಿ, ಎಲ್ಲಾ ಬೋರ್ಡ್ನಾಗೂ ಐತಾ ಇದು?"

"ಎಲ್ಲಾದ್ರಲ್ಲೂ ಅತ್ತಿಗೆ. ಮೂಕಂಡಪಲ್ಲಿ ಕ್ಯಾಂಟೀನಿಂದ ಬೇರಿಕೆ ಗೊಬ್ಬರದಂಗ್ಡಿ ಗಂಟ."

"ಹೇಳಾಕೇನಾಗಿತ್ತು ಈ ಮನುಷ್ಯಂಗೆ," ಅಂದಳು ಮುನಿಗಂಗಮ್ಮ. ಕೆಸರು ಕೈಯಲ್ಲೇ ಮುಖ ಮುಚ್ಚಿಕೊಂಡು, ರಾಧಮ್ಮನ ಮಡಿಲಿಗೆ ಒರಗಿ ಜೋರಾಗಿ ಅತ್ತಳು.

ತಮಟೆ ಶುರುವಾಯಿತು. ಹೆಂಗಸರು ಮಣ್ಣಿಗೆ ಹೋಗುವ ಪದ್ಧತಿಯಿಲ್ಲ. ಅವಳು ಹೊಸ್ತಿಲಲ್ಲೇ ನಿಂತಳು. ಚಟ್ಟದ ಮುಂದುಗಡೆ ಹೆಗಲು ಕೊಟ್ಟಿದ್ದ ರಾಮಾಂಜಿನಪ್ಪ ಬಾಗಿಲೆದುರು ಒಂದು ಗಳಿಗೆ ತಡೆದ.

"ಕೆಳಗೆ ನೋಡ್ಕೊಂಡು ಬನ್ರಪ್ಪ," ಅಂದ.

ನಾಲ್ವರೂ ಚಟ್ಟವನ್ನು ಹೆಗಲಿಂದ ಮೇಲೆತ್ತಿ, ಕಾಲು ಅಗಲ ಹಾಕಿ, ಮಣ್ಣಿನ ಮೇಲಿನ ಬಳ್ಳಿಯನ್ನು ದಾಟಿಸಿ, ಆಚೆ ಮತ್ತೆ ಹೆಗಲಿಗೆ ಇಳಿಸಿಕೊಂಡರು.