ಹುಳುಮನೆಯಲ್ಲಿ ಸದ್ದು

"ಲೇ ಬೋಳಿಮಗನೇ, ಬಾಯಿಗೆ ಟವೆಲ್ ಕಟ್ಕೊಂಡು ಒಳಕ್ಕೆ ಬಾ. ಇಲ್ದಿದ್ರೆ ಆಚೆ ಬಿದ್ದಿರು."

ಮುನಿಕೃಷ್ಣಪ್ಪ ಗೌಡ ರೇಷ್ಮೆ ಹುಳುಮನೆಯ ಬಾಗಿಲಿಗೆ ಅಡ್ಡ ನಿಂತು ಹೀಗೆ ಬೈದದ್ದು ನನ್ನ ತಮ್ಮ ಕದಿರೇಶನಿಗೆ. ಕದಿರೇಶನ ಕತ್ತು ಬಲಕ್ಕೆ ಎಗರಿತು. ಗಂಟಲಿನಿಂದ 'ಹುಪ್' ಎಂದು ಸದ್ದು ಬಂತು.

"ನೋಡು, ನನ್ನೆದ್ರಿಗೇ ಅಣಕಿಸ್ತಾನೆ."

"ಅಣಕ ಅಲ್ಲ ಗೌಡ್ರೇ," ಅಂದೆ. "ಸೀನು ಬಂದಂಗೆ ಅದು. ತಡ್ಕೊಂಡ್ರೆ ಒಂದು ಗಳಿಗೆ ನಿಲ್ತದೆ, ಆಮೇಲೆ ಡಬಲ್ಲಾಗಿ ಬರ್ತದೆ. ಟುರೆಟ್ ಅಂತ ನರದ ಕಾಯ್ಲೆ, ಬೆಂಗ್ಳೂರು ಡಾಕ್ಟ್ರು ಬರ್ಕೊಟ್ಟವ್ರೆ."

ನಾನು ಕೊಟ್ಟ ಡಾಕ್ಟರ ಚೀಟಿಯನ್ನು ಗೌಡ ತಲೆಕೆಳಗಾಗಿ ಹಿಡಿದು ನೋಡಿದ. "ಇದನ್ನ ಹುಳ ಓದ್ತದಾ? ಈ ಸದ್ದಿಗೆ ಹುಳ ಬೆಚ್ಚಿಬಿದ್ದು ಗೂಡು ಕಟ್ಟಲ್ಲ ಅಂತ ಗುಡಿ ಪೂಜಾರಪ್ಪ ಹೇಳವ್ನೆ."

ಕದಿರೇಶನಿಗೆ ಇದು ಏಳನೇ ವಯಸ್ಸಿನಿಂದ ಇದೆ. ಮೇಷ್ಟ್ರು ಹೊಡೆದರು. ಅವ್ವ ಬೇವಿನ ಸೊಪ್ಪಿನಲ್ಲಿ ಹೊಡೆಸಿದಳು. ಕತ್ತು ಯಾರ ಮಾತನ್ನೂ ಕೇಳಲಿಲ್ಲ. ಈ ಹುಳುಮನೆಯಲ್ಲಿ ಒಂಬತ್ತು ವರ್ಷ ದುಡಿದಿದ್ದಾನೆ, ಒಂದು ಹುಳುವೂ ಬೆಚ್ಚಿಬಿದ್ದಿರಲಿಲ್ಲ. ಹೋದ ಬೆಳೆ ಕೆಟ್ಟದ್ದು ಪಕ್ಕದ ಟೊಮೇಟೊ ತೋಟಕ್ಕೆ ಹೊಡೆದ ಔಷಧಿ ಗಾಳಿಯಲ್ಲಿ ತೇಲಿ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತದ್ದರಿಂದ. ಟೊಮೇಟೊ ತೋಟವೂ ಗೌಡನದೇ. ಹಾಗಾಗಿ ತಪ್ಪು ನನ್ನ ತಮ್ಮನ ಗಂಟಲಿನ ಪಾಲಾಯಿತು.

ಅವತ್ತು ಹುಳುಗಳು ಮೇವು ಬಿಟ್ಟು ಹಣ್ಣಾಗಿದ್ದವು, ನೂಲು ಬಿಡುವ ಹೊತ್ತಾಗಿತ್ತು. ಹಣ್ಣಾದ ಹುಳುವನ್ನು ಅವತ್ತೇ ಆರಿಸಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡಬೇಕು, ಇಲ್ಲದಿದ್ದರೆ ಕಂಡಲ್ಲೆಲ್ಲ ನೂಲು ಸುರಿದು ಕೆಡುತ್ತದೆ. ಯಾವುದು ಹಸಿ, ಯಾವುದು ಹಣ್ಣು ಎಂದು ಒಂದೇ ನೋಟಕ್ಕೆ ಹೇಳುವವನು ವಕ್ಕಲೇರಿ ಕಡೆಯಲ್ಲೇ ಕದಿರೇಶ ಒಬ್ಬ. ಬೆರಳು ಹುಳುವಿನ ಮೇಲಿದ್ದರೆ ಅವನ ಕತ್ತು ತಾನಾಗಿ ಸುಮ್ಮನಿರುತ್ತದೆ. ಯಾರಾದರೂ ದಿಟ್ಟಿಸಿದರೆ ಮಾತ್ರ ಶುರುವಾಗುತ್ತದೆ. ಸದ್ದು ಮಾಡಿದ್ದಕ್ಕೆ ಆಚೆ ಹಾಕಿದರು ಎಂಬ ಸುದ್ದಿ ಹಬ್ಬಿದರೆ ಮುಂದೆ ಯಾವ ಹುಳುಮನೆಯವರೂ ಅವನನ್ನು ಕರೆಯುವುದಿಲ್ಲ.

ಅವನು ಟವೆಲ್ ಕಟ್ಟಿಕೊಳ್ಳಲಿಲ್ಲ. ಹೋಗಿ ಕಿಟಕಿಯ ಹೊರಗೆ ಕೂತ.

ಒಳಗೆ ನಾನೂ ಸೇರಿ ನಮ್ಮ ಕೇರಿಯ ಎಂಟು ಹೆಂಗಸರು ಹುಳುವಿನ ತಟ್ಟೆಗಳ ಮೇಲೆ ಬಗ್ಗಿದೆವು. ಗೌಡ ಹಿಂದೆ ನಿಂತು ಕಾಯುತ್ತಿದ್ದ. ಎಪ್ಪತ್ತು ದಾಟಿದ ಮುತ್ಯಾಲಮ್ಮ ತಲೆ ಎತ್ತದೆಯೇ 'ಹುಪ್' ಅಂದಳು.

"ಯಾರೇ ಅದು?"

"ನಾನೇ ಗೌಡ್ರೇ. ಅಂಟ್ಕೊಂಡಂಗದೆ."

ಕಿಟಕಿಯಲ್ಲಿ ಕದಿರೇಶನ ಮುಖ ಕಾಣಿಸಿತು. ಅದರಲ್ಲಿ ಸಿಡುಕಿತ್ತು. ಊರೆಲ್ಲ ಅಣಕಿಸಿ ಅವನಿಗೆ ರೂಢಿಯಾಗಿತ್ತು, ಮುತ್ಯಾಲಮ್ಮ ಮಾತ್ರ ಒಮ್ಮೆಯೂ ಅಣಕಿಸಿದವಳಲ್ಲ.

"ಅಜ್ಜೀ, ನೀನೂನಾ?"

"ನಿನ್ನನ್ನ ಅಲ್ಲ ಕಣೋ, ಇವನನ್ನ," ಎಂದು ಅವಳು ಗೌಡನ ಕಡೆ ಗದ್ದ ತೋರಿಸಿದಳು.

ಕದಿರೇಶ ಕಿಟಕಿಯ ಸರಳು ಹಿಡಿದುಕೊಂಡ. "ಹಂಗಾದ್ರೆ ನೆಟ್ಟಗೆ ಮಾಡು. ಕತ್ತು ಮೊದ್ಲು, ಸದ್ದು ಆಮೇಲೆ. ನಿಂದು ಕೋಳಿಗೆ ಗಂಟ್ಲು ಕಟ್ದಂಗದೆ."

ಮುತ್ಯಾಲಮ್ಮ ಮತ್ತೆ ಮಾಡಿದಳು. ಕದಿರೇಶ ತಲೆಯಾಡಿಸಿ ಒಪ್ಪಿದ. ನಾನು ಮಾಡಿದೆ. ಪಕ್ಕದಲ್ಲಿದ್ದ ಮುನಿಗಂಗಮ್ಮ ಕತ್ತು ಎಗರಿಸಿದ ರಭಸಕ್ಕೆ ಸೆರಗು ಜಾರಿತು.

"ನಿಂದು ಜಾಸ್ತಿಯಾಯ್ತು ಅತ್ತಿಗೆ," ಎಂದು ಕಿಟಕಿ ಹೇಳಿತು.

ಎಂಟು ಗಂಟಲುಗಳು ಒಂದಾದ ಮೇಲೊಂದು ಹುಪ್ ಅಂದವು. ಗೌಡ ಯಾರ ಕಡೆ ತಿರುಗಬೇಕೋ ತಿಳಿಯದೆ ಒಂದು ಸುತ್ತು ಸುತ್ತಿದ.

"ಸದ್ದು ಮಾಡಿದ ಮುಂಡೇರೆಲ್ಲ ಆಚೆ ಹೋಗ್ರೇ."

ಹೋದೆವು. ಅಷ್ಟು ಜಲ್ದಿ ಅವನ ಮಾತನ್ನು ನಾವು ಯಾವತ್ತೂ ಕೇಳಿರಲಿಲ್ಲ. ಕದಿರೇಶನ ಪಕ್ಕ ಸಾಲಾಗಿ ಕೂತು ಎಲೆಯಡಿಕೆ ಬಿಚ್ಚಿದೆವು.

ಒಳಗೆ ಗೌಡ ಬಿಳಿ ಪಂಚೆ ಎತ್ತಿಕಟ್ಟಿ, ಹಸಿ ಹುಳುಗಳನ್ನೇ ಬೊಗಸೆ ತುಂಬಿ ಚಂದ್ರಿಕೆಗೆ ಸುರಿಯುತ್ತಿದ್ದ. ಅವು ಪಟಪಟ ಉದುರುತ್ತಿದ್ದವು. ಹಣ್ಣಾದವು ಆಗಲೇ ಗೋಡೆ ಹತ್ತತೊಡಗಿದ್ದವು. ಅರ್ಧ ಗಂಟೆಗೆ ಗೌಡ ಕಿಟಕಿಗೆ ಬಂದ.

"ಏನ್ರಮ್ಮಾ, ಬನ್ರಿ. ಅವನೊಬ್ಬ ಅಲ್ಲೇ ಇರ್ಲಿ."

ಯಾರೂ ಏಳಲಿಲ್ಲ. ಮುತ್ಯಾಲಮ್ಮ ಮಾತ್ರ ಮಂಡಿ ಹಿಡಿದುಕೊಂಡು ಎದ್ದು, ಕಿಟಕಿಯ ಸರಳಿನೊಳಗಿಂದ ಬೆರಳು ಚಾಚಿದಳು. ತಟ್ಟೆ ತಟ್ಟೆಯಲ್ಲೂ ಹಣ್ಣಾದ ಹುಳುಗಳು ಗೂಡಿಗೆ ಜಾಗ ಹುಡುಕುತ್ತ, ತಲೆ ಎತ್ತಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಎಗರಿಸುತ್ತಿದ್ದವು. ಸಾವಿರಾರು ಕತ್ತುಗಳು.

"ಇವಕ್ಕೂ ಬಂದದೆ ಗೌಡ್ರೇ," ಅಂದಳು. "ಮೊದ್ಲು ಈ ಹುಳಗಳನ್ನ ಆಚೆ ಹಾಕಿ. ಆಮೇಲೆ ನಮ್ಮನ್ನ ಕರೀರಿ."